ಬಾಷಾ ಸಾಬರ ಒಂಬತ್ತು ಪಿಲ್ಲರು

ಜೂನ್ 8, ಭಾನುವಾರ

ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ವೇದಿಕೆಗೆ ಕರೆ ಬಂದೇ ಬರುತ್ತದೆಂದು ತುದಿಗಾಲಲ್ಲಿ ನಿಂತಿರುವ ಮುಖಂಡರೇ, ಲಘು ಉಪಾಹಾರ ಉಂಟೆಂಬ ಗಾಳಿಸುದ್ದಿ ನಂಬಿ ಹಿಂದಿನ ಸಾಲಿನಲ್ಲಿ ಕೂತಿರುವ ನನ್ನ ಆತ್ಮೀಯ ನಾಗರಿಕ ಬಂಧುಗಳೇ,

ಉಪಾಹಾರ ಇಲ್ಲ. ಮೊದಲೇ ಹೇಳಿಬಿಡುತ್ತೇನೆ.

ಶಿರಾದಲ್ಲಿ ರಾಜ್ಯೋತ್ಸವದ ನಿರೂಪಣೆಗೆ ಕರೆಯುವುದು ನನ್ನನ್ನೇ. ಹಫೀಜ್ ಸಾರ್ ಮೈಕ್ ಹಿಡಿದರೆ ಪ್ರಾಸದ ಮೇಲೆ ಪ್ರಾಸ ಉದುರುತ್ತದೆ, ಅತಿಥಿಗಳು ಎಷ್ಟು ತಡವಾಗಿ ಬಂದರೂ ಜನ ಕದಲುವುದಿಲ್ಲ ಎಂಬ ಹೆಸರಿದೆ. ನವೆಂಬರ್ ಮುಗಿದ ಮೇಲೆ ಮೈಕ್ ಕೊಡುವವರಿಲ್ಲ. ಆದ್ದರಿಂದ ಈ ಡೈರಿ. ಕನ್ನಡ ಮಾಧ್ಯಮದ ಬಿ.ಎ., ಮದುವೆ ಕಾರ್ಡಿನ ಪ್ರೆಸ್ಸು, ನಲವತ್ತಾರು ವಯಸ್ಸು, ಬರೆಯದಿದ್ದರೆ ತಡೆಯದು ಮನಸ್ಸು. ನೋಡಿ, ಶುರುವಾಯಿತು.

ಇಂದಿನ ಸಭೆಯ ವಿಷಯ: ನಮ್ಮ ಮನೆ ಇನ್ನೊಂದು ಮಹಡಿಯನ್ನು ಹೊರುತ್ತದೆಯೋ ಇಲ್ಲವೋ.

ಮನೆ ಕಟ್ಟಿಸಿದ್ದು ನಮ್ಮ ಅಬ್ಬಾ, ಬಾಷಾ ಸಾಬ್. ಕೆಳಗೆ ಪ್ರೆಸ್ಸು, ಮೇಲೆ ನಾವು, ನಮ್ಮ ಮೇಲೆ ಆಕಾಶ. ಒಟ್ಟು ಒಂಬತ್ತು ಪಿಲ್ಲರು. ಆ ಒಂಬತ್ತರ ಕಂಬಿಗಳನ್ನೂ ಅಬ್ಬಾ ತಾರಸಿಯ ಮೇಲೆ ಎದೆಮಟ್ಟಕ್ಕೆ ಹಾಗೇ ಬಿಡಿಸಿದ್ದರು. ನಮ್ಮ ಕಡೆ ಯಾವ ಮನೆಯೂ ಮುಗಿಯುವುದಿಲ್ಲ. ಮುಂದೆ ಮಕ್ಕಳು ಕಟ್ಟಿಕೊಳ್ಳಲಿ ಎಂದು ನೆತ್ತಿಯ ಮೇಲೆ ಕಂಬಿ ಬಿಟ್ಟುಕೊಂಡೇ ನಿಂತಿರುತ್ತವೆ. "ಮೇಲಿಂದು ಖುಷ್ನುಮಾಗೆ" ಎನ್ನುತ್ತಿದ್ದರು ಅಬ್ಬಾ. ಈಗ ಅವರಿಲ್ಲ. ಕಂಬಿಯಿಂದ ಕಂಬಿಗೆ ಹಗ್ಗ ಕಟ್ಟಿ ನನ್ನ ಹೆಂಡತಿ ಶಾಜಿಯಾ ಬಟ್ಟೆ ಒಣಗಿಸುತ್ತಾಳೆ. ಸಂಜೆ ಅಲ್ಲಿ ನಾನೊಬ್ಬನೇ ಅಡ್ಡಾಡುತ್ತೇನೆ.

ಖುಷ್ನುಮಾ ನನ್ನ ತಂಗಿ. ಪಾವಗಡಕ್ಕೆ ಕೊಟ್ಟಿದ್ದೆವು. ನಿನ್ನೆ ಬಕ್ರೀದಿಗೆ ಬಂದವಳು ಹಬ್ಬಕ್ಕೆ ಬೇಕಾದ್ದಕ್ಕಿಂತ ದೊಡ್ಡ ಸೂಟ್‌ಕೇಸು ತಂದಿದ್ದಳು. ತಲಾಖ್ ಆಗಿ ತಿಂಗಳುಗಳೇ ಕಳೆದಿವೆಯಂತೆ, ನಮಗೆ ಹೇಳಿರಲಿಲ್ಲ. ಊಟಕ್ಕೆ ಕೂತಾಗ ನಮ್ಮ ಅಮ್ಮ ಅಫ್ಜಲುನ್ನೀಸಾ, ಅಂದರೆ ಮನೆಯ ಸುಪ್ರೀಂ ಕೋರ್ಟು, ತೀರ್ಪು ಕೊಟ್ಟರು: "ಅವಳ ಒಡವೆ ಅವಳ ಹತ್ತಿರ ಇದೆ. ಮೇಲೆ ಎರಡು ರೂಮು ಹಾಕ್ಕೊಳ್ಳಲಿ."

ಎಲ್ಲರಿಗಿಂತ ಮೊದಲು "ಆಗಲಿ" ಎಂದವನು ನಾನು. ಸಭಿಕರು ದಯವಿಟ್ಟು ಗಮನಿಸಬೇಕು. ಆಮೇಲೆ ಎರಡು ತುತ್ತು ಬಿರಿಯಾನಿ ತಿಂದು, "ಪಿಲ್ಲರು ತಡೀತವಾ ಅಂತ ಒಂದು ಸಲ ನೋಡಿಸಿಬಿಡೋಣ ಅಮ್ಮಾ, ನಾಳೆ ಹೆಚ್ಚುಕಮ್ಮಿ ಆದರೆ ಕಷ್ಟ" ಎಂದೆ. ಜವಾಬ್ದಾರಿಯುಳ್ಳ ಮಗ ಇನ್ನೇನು ಹೇಳಬೇಕು?

ಜೂನ್ 12, ಗುರುವಾರ

ಪ್ರೆಸ್ಸಿನ ಮೂಲೆಯಲ್ಲಿ ಬಿರುಕು ಸಿಕ್ಕಿತು! ಗೋಡೆಯೂ ಪಿಲ್ಲರೂ ಸೇರುವ ಕಡೆ, ಮೇಲಿನಿಂದ ಕೆಳಕ್ಕೆ, ಕೂದಲೆಳೆಯಷ್ಟು. ಅದು ಯಾವಾಗಿನಿಂದ ಇದೆಯೋ. ಕಾಗದದ ರೀಮುಗಳನ್ನು ಸರಿಸಿದಾಗ ಕಂಡಿತು. ಸರಿಸುವ ಅಗತ್ಯ ಇರಲಿಲ್ಲ, ಆದರೂ ಸರಿಸಿದೆ. ಇವತ್ತು ಕೂತಲ್ಲಿ ಕೂರಲಾಗುತ್ತಿಲ್ಲ.

ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಅದರ ಮೇಲೆ ಅಡ್ಡಲಾಗಿ ಏನನ್ನಾದರೂ ಅಂಟಿಸಬೇಕಂತೆ, ಮೊಬೈಲಿನಲ್ಲಿ ನೋಡಿದೆ. ಬೆಳೆದರೆ ಅಂಟಿಸಿದ್ದು ಹರಿಯುತ್ತದೆ. ನನ್ನ ಬಳಿ ಏನಿದೆ? ಮಿಕ್ಕಿದ ಮದುವೆ ಕಾರ್ಡು. ತೆಳ್ಳಗೆ ಪಟ್ಟಿ ಕತ್ತರಿಸಿ ಗೋಂದು ಹಾಕಿ ಅಂಟಿಸಿದೆ. ಹಾಗಾಗಿ ಈಗ ಬಿರುಕಿನ ಮೇಲೆ ಯಾರದೋ "ಶುಭವಿವಾಹ" ನಡೆಯುತ್ತಿದೆ.

ಖುಷ್ನುಮಾ ಕೆಳಗೆ ಬಂದು ನೋಡಿದಳು. ಮನೆಯಲ್ಲಿ ನಮ್ಮದು ಉರ್ದು. ನಾನೂ ಅವಳೂ ಮಾತ್ರ ಕನ್ನಡ ಮಾತಾಡಿಕೊಳ್ಳುತ್ತೇವೆ, ಒಂದೇ ಸ್ಕೂಲಿನಲ್ಲಿ ಓದಿದ ರೂಢಿ. ಪಾವಗಡದಲ್ಲಿದ್ದು ಅವಳ ಕನ್ನಡದೊಳಗೆ ತೆಲುಗು ಬಾಡಿಗೆಗೆ ಬಂದು ಸೇರಿಕೊಂಡಿದೆ.

"ಏಮಿ ಭಾಯ್ ಇದು, ಗೋಡೆಗೆ ಬ್ಯಾಂಡೇಜಾ?"

"ಪರೀಕ್ಷೆ."

"ಸರ್ಲೇ. ಪರೀಕ್ಷೆ ಮಾಡೋನು ಪಿಲ್ಲರ್‌ಗೆ ಮಾಡಬೇಕು. ಗೋಡೆ ಪಾಪ ಏನ್ ಮಾಡ್ತು?"

ಹಾಗೆಂದು ಮೇಜಿನ ಮೇಲಿದ್ದ ಪ್ರೂಫ್ ಎತ್ತಿಕೊಂಡಳು. "ಅರಳಿದ ಮನಸು, ನನಸಾದ ಕನಸು" ಎಂದು ನಾನು ಹೊಸದಾಗಿ ಹೊಸೆದಿದ್ದ ಕಾರ್ಡು.

"ಮನಸು ಕನಸು ಬಿಟ್ರೆ ನಿನ್ನ ಅಂಗಡೀಲಿ ಬೇರೆ ಸ್ಟಾಕ್ ಇಲ್ವಾ?"

ಅಚ್ಚು ಹಾಕುತ್ತಿದ್ದ ನಮ್ಮ ಮಿಷನ್ನಿನವನು ಕಿಸಕ್ಕೆಂದ. ಸ್ಕೂಲಿನಲ್ಲಿ ಕನ್ನಡಕ್ಕೆ ಅವಳೇ ಫಸ್ಟು. ಅಬ್ಬಾ ಅದನ್ನು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ಅಂದರೆ ನನಗೇನೂ ಬೇಸರವಿಲ್ಲ. ಬರೆದಿಡುತ್ತಿದ್ದೇನೆ, ಅಷ್ಟೆ.

ಜೂನ್ 19, ಗುರುವಾರ

ಪಟ್ಟಿ ಹರಿದಿಲ್ಲ.

ಜೂನ್ 23, ಸೋಮವಾರ

ಹರಿದಿಲ್ಲ. ಗೋಂದು ಜಾಸ್ತಿ ಗಟ್ಟಿಯಾಯಿತೇನೋ ಎಂದು ತೆಳು ಕಾಗದದ ಪಟ್ಟಿಯನ್ನೂ ಅಂಟಿಸಿದ್ದೇನೆ.

ಜೂನ್ 29, ಭಾನುವಾರ

ಆಷಾಢ ಬಂತು, ಮಿಷನ್ನು ನಿಂತು. ಮದುವೆಗಳಿಲ್ಲ, ಕಾರ್ಡಿಲ್ಲ, ಕೈಗೆ ಕೆಲಸವಿಲ್ಲ, ಕಾಲಿಗೆ ಬಿಡುವಿಲ್ಲ. ಮೆಟ್ಟಿಲು ಹತ್ತುವುದು, ಇಳಿಯುವುದು. "ಏನ್ರೀ, ಮನೆಗೆ ಪ್ರದಕ್ಷಿಣೆ ಹರಕೆ ಹೊತ್ತಿದ್ದೀರಾ?" ಎಂದು ಶಾಜಿಯಾ ಕೇಳಿದಳು.

ಮೇಸ್ತ್ರಿ ಗಂಗಹನುಮಯ್ಯ ಬಂದಿದ್ದರು. ನಮ್ಮ ಮನೆ ಕಟ್ಟಿದವರು ಅವರೇ. ಈಗ ವಯಸ್ಸಾಗಿದೆ, ಮಾತಿಗೆ ಆಗಿಲ್ಲ. ಬಾಗಿಲಲ್ಲೇ ಶುರು.

"ಏನ್ಲಾ ಸಾಬ್ರ ಮಗ, ನಾನ್ ಕಟ್ಟಿದ್ ಮನೇಗೆ ಡಾಕ್ಟ್ರುನ್ನ ಕರುಸ್ತೀಯಂತೆ? ಜ್ವರ ಬಂದೈತಾ ಅದ್ಕೆ?"

"ಬರೀ ಒಂದು ಸಲ ತೋರಿಸೋಣ ಅಂತ, ಮೇಸ್ತ್ರಿ."

"ತೋರ್ಸು, ತೋರ್ಸು. ಐ.ಡಿ.ಹಳ್ಳಿಯಿಂದ ಬುಕ್ಕಾಪಟ್ಟಣದ್ ಗಂಟ ಕಟ್ಟೀವ್ನಿ. ಒಂದಾದ್ರೂ ಬಗ್ಗೈತಾ ಕೇಳು. ಬಗ್ಗಿರೋದು ನನ್ ಸೊಂಟ ಒಂದೇಯ."

ಖುಷ್ನುಮಾ ಟೀ ತಂದಳು. ಅವಳನ್ನು ಕಂಡದ್ದೇ ಮೇಸ್ತ್ರಿ ಮುಖ ಬೇರೆಯಾಯಿತು.

"ಏ, ನೀರಿನ್ ಹುಡ್ಗಿ! ಬಂದ್ಬುಟ್ಯಾ ತಾಯಿ?"

ಮನೆ ಕಟ್ಟುವಾಗ ಬೋರಿನಲ್ಲಿ ನೀರು ನಿಂತುಹೋಗಿತ್ತು. ಹೊಸ ಪಿಲ್ಲರಿಗೆ ಸುತ್ತಿದ ಗೋಣಿಚೀಲ ಒಣಗಬಾರದು, ಒಣಗಿದರೆ ಕಾಂಕ್ರೀಟಿಗೆ ಬಲ ಬರುವುದಿಲ್ಲ. ಬೀದಿ ಕೊನೆಯ ಕೈಪಂಪಿನಿಂದ ಬಿಂದಿಗೆಯಲ್ಲಿ ಹೊತ್ತು ತಂದು ಒಂಬತ್ತು ಪಿಲ್ಲರಿಗೂ ಬೆಳಿಗ್ಗೆ ಸಂಜೆ ನೀರು ಹಾಕಿದವಳು ಇವಳು. ಮೇಸ್ತ್ರಿ ಸಾಕು ಎಂದರೂ ಬಿಡಲಿಲ್ಲವಂತೆ. "ಸಾಕ್ ಬುಡಮ್ಮಿ ಅಂದ್ರೆ, ನನ್ ಮಹಡಿ ಕಣಣ್ಣೋ ಇದ್ರ ಮ್ಯಾಕೆ ಬರೋದು, ಅಂತಿತ್ತು ಇದು" ಎಂದು ಗಂಗಹನುಮಯ್ಯ ಜೋರಾಗಿ ನಕ್ಕರು. ಖುಷ್ನುಮಾ ನಗುತ್ತಾ ಲೋಟ ಎತ್ತಿಕೊಂಡು ಹೋದಳು.

ಆಗ ನಾನೆಲ್ಲಿದ್ದೆ? ಕಾಲೇಜಿನ ಪ್ರಾಸಸ್ಪರ್ಧೆಗೆ ತಯಾರಾಗುತ್ತಿದ್ದೆ ಎಂದು ಕಾಣುತ್ತದೆ.

ಜುಲೈ 4, ಶುಕ್ರವಾರ

ಮಧುಗಿರಿಗೆ ಹೋಗಿದ್ದೆ. ಕಟ್ಟಡ ಪರೀಕ್ಷೆ ಮಾಡುವ ಇಂಜಿನಿಯರ್ ಒಬ್ಬರಿದ್ದಾರೆಂದು ಗೊತ್ತಾಗಿತ್ತು. ಹೆಸರು ಶ್ರೀಲತಾ. ಚಿಕ್ಕ ವಯಸ್ಸು, ಚಿಕ್ಕ ಆಫೀಸು, ಗೋಡೆಗೆ ಒರಗಿಸಿದ ಸಿಮೆಂಟಿನ ಸಿಲಿಂಡರುಗಳು. ನನ್ನ ಬಿರುಕಿನ ಫೋಟೋಗಳನ್ನು ತೋರಿಸಿದೆ. ಬೇರೆಯವರು ಮೊಮ್ಮಗುವಿನ ಫೋಟೋ ತೋರಿಸಿದಷ್ಟು ಇದ್ದವು.

"ಸಾರ್, ಗೋಡೆ ಅಂದ್ರೆ ಬರೀ ಪರದೆ. ಮನೆ ಅಂದ್ರೆ ಪಿಲ್ಲರೂ ಬೀಮೂ ಕೈಕೈ ಹಿಡ್ಕೊಂಡಿರೋ ಚೌಕಟ್ಟು. ಭಾರ ಹೊರೋದು ಅದು. ಈ ಬಿರುಕು ಇಟ್ಟಿಗೆ ಒಂಥರಾ, ಕಾಂಕ್ರೀಟ್ ಒಂಥರಾ ಬಿಸಿಲಿಗೆ ಹಿಗ್ಗಿ ಬಂದಿರೋದು. ಎಲ್ಲರ ಮನೇಲೂ ಇರುತ್ತೆ."

"ಅಂದ್ರೆ ಅಪಾಯ ಇಲ್ಲವಾ?"

ನನ್ನ ದನಿಯಲ್ಲಿ ಅದೇನಿತ್ತೋ, ಆಕೆ ಫೋನಿನಿಂದ ತಲೆಯೆತ್ತಿದರು. "ಇದ್ದಿದ್ರೆ ಚೆನ್ನಾಗಿತ್ತಾ ಸಾರ್?"

ಇಬ್ಬರೂ ನಕ್ಕೆವು. ನಾನು ಸ್ವಲ್ಪ ಹೆಚ್ಚು ಹೊತ್ತು.

ಪಿಲ್ಲರುಗಳನ್ನು ಬಂದು ನೋಡಲು ಒಪ್ಪಿದರು. ಏಳುವಾಗ ಕೇಳಿದೆ: "ನೋಡಿ ಆದಮೇಲೆ ಬೀಳೋದಿಲ್ಲ ಅಂತ ಗ್ಯಾರಂಟಿ ಕೊಡ್ತೀರಾ, ನೂರಕ್ಕೆ ನೂರು?"

"ಅದನ್ನ ಯಾರೂ ಕೊಡೋಕಾಗಲ್ಲ. ಕಾಂಕ್ರೀಟಿನ ಬಲ ಒಂದೊಂದು ಕಡೆ ಒಂದೊಂದು ಥರ ಇರುತ್ತೆ. ನೀವು ನಾಳೆ ಮೇಲೆ ಏನು ತಂದು ಪೇರಿಸ್ತೀರೋ ನನಗೆ ಗೊತ್ತಿಲ್ಲ. ಭೂಮಿ ಅಲುಗೋದಾದ್ರೆ ಹೇಳಿ ಕೇಳಿ ಅಲುಗಲ್ಲ. ಇಷ್ಟೂ ಅನುಮಾನ ಲೆಕ್ಕಕ್ಕೆ ತಗೊಂಡು, ಬೀಳೋ ಸಂಭವ ತೀರಾ ತೀರಾ ಕಡಿಮೆ ಇದೆಯಾ ಅಂತ ನೋಡ್ತೀವಿ. ಅಷ್ಟಿದ್ರೆ ಜನ ನಿಶ್ಚಿಂತೆಯಿಂದ ಮಲಗಬಹುದು. ಸೊನ್ನೆ ಅಂತ ಬರೆದುಕೊಡೋನು ಒಂದೋ ದೇವರು, ಒಂದೋ ಸುಳ್ಳುಗಾರ."

ಬಸ್ಸಿನಲ್ಲಿ ಕೂತು ಇದನ್ನೇ ಯೋಚಿಸಿದೆ. ತೀರಾ ತೀರಾ ಕಡಿಮೆ. ಆದರೆ ಸೊನ್ನೆ ಅಲ್ಲ. ಅಂದರೆ ಯಾವ ಮನೆಯ ಬಗ್ಗೆಯೂ ಬೀಳಬಹುದು ಎಂದರೆ ಅದು ಸುಳ್ಳಾಗುವುದಿಲ್ಲ. ಎಂಥ ವಿಚಿತ್ರವಾದ, ಎಂಥ ಅನುಕೂಲವಾದ ಶಾಸ್ತ್ರ!

ಜುಲೈ 16, ಬುಧವಾರ

ಇವತ್ತು ಪರೀಕ್ಷೆ. ಬೀದಿಯವರೆಲ್ಲ ಪ್ರೆಸ್ಸಿನ ಮುಂದೆ. ಹೆಣ್ಣು ನೋಡಲು ಬಂದಾಗಲೂ ಇಷ್ಟು ಜನ ಸೇರಿರಲಿಲ್ಲ.

ಶ್ರೀಲತಾ ಒಂದು ದಪ್ಪ ಟಾರ್ಚಿನಂಥ ಸುತ್ತಿಗೆ ತಂದಿದ್ದರು. ಪಿಲ್ಲರಿಗೆ ಒತ್ತಿದರೆ ಒಳಗಿನ ಸ್ಪ್ರಿಂಗು "ಟಕ್" ಎಂದು ಹೊಡೆದು ಹಿಂದಕ್ಕೆ ಪುಟಿಯುತ್ತದೆ. ಹೆಚ್ಚು ಪುಟಿದರೆ ಹೆಚ್ಚು ಗಟ್ಟಿ. ಟಕ್, ಟಕ್, ಟಕ್. ಪ್ರತಿ ಟಕ್ಕಿಗೂ ಗಂಗಹನುಮಯ್ಯ "ಊಂ, ಹೊಡಿ, ಇನ್ನೂ ಹೊಡಿಯಮ್ಮ" ಎನ್ನುತ್ತಿದ್ದರು, ತಮ್ಮ ಕೋಳಿ ಪಂದ್ಯಕ್ಕೆ ಬಿಟ್ಟವರ ಹಾಗೆ.

ಮೆಟ್ಟಿಲ ಪಕ್ಕದ ಪಿಲ್ಲರಿನಲ್ಲಿ ಗಾರೆ ಉಬ್ಬಿತ್ತು. ಕೆರೆದರೆ ಒಳಗೆ ತುಕ್ಕು. ಸಂಪಿನ ನೀರು ಜಿನುಗಿ ಬುಡ ತೇವವಾಗಿದೆಯಂತೆ. ನಾನು "ನೋಡಿ, ನೋಡಿ!" ಎಂದೆ. ಬಹುಮಾನ ಬಂದವರ ಹಾಗೆ ಕೂಗಿದಿರಿ ಎಂದು ಶಾಜಿಯಾ ಆಮೇಲೆ ಹೇಳಿದಳು. ಆಶ್ಚರ್ಯದಿಂದ ಕೂಗಿರಬೇಕು.

ಕೊನೆಗೆ ಪಿಲ್ಲರುಗಳಲ್ಲಿ ಸಣ್ಣ ಗುಳಿ ತೋಡಿ ಬಾಟಲಿಯಿಂದ ಏನೋ ಔಷಧ ಸಿಂಪಡಿಸಿದರು. ಬೂದುಬಣ್ಣದ ಕಾಂಕ್ರೀಟು ಕಣ್ಣೆದುರೇ ಗುಲಾಬಿಯಾಯಿತು. ಖುಷ್ನುಮಾ ಸಣ್ಣ ಹುಡುಗಿಯ ಹಾಗೆ "ಅಬ್ಬಾ!" ಎಂದು ಬಗ್ಗಿ ನೋಡಿದಳು. ಶ್ರೀಲತಾ ನನ್ನತ್ತ ತಿರುಗಿ ಕೇಳಿದರು:

"ಸಾರ್, ಇದಕ್ಕೆ ನೀರು ಹಾಕಿದ್ದು ಯಾರು?"

ಬಾಯಿ ತೆರೆದೆ. ಅಷ್ಟರಲ್ಲಿ ಮಿಷನ್ನಿನವನು ಕರೆದ, ಒಳಗೆ ಹೋದೆ.

ಜುಲೈ 22, ಮಂಗಳವಾರ

ಮಧುಗಿರಿಗೆ ಹೋಗಿಬಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬೆಟ್ಟದ ಮೇಲೆ ಮೋಡವಿತ್ತು.

ಜುಲೈ 24, ಗುರುವಾರ

ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದಾರೆ. ಇನ್ನೂ ಲೆಕ್ಕ ಹಾಕುತ್ತಿದ್ದಾರೆ ಎಂದಿದ್ದೇನೆ.

ತಾರಸಿಗೆ ಹೋದರೆ ಖುಷ್ನುಮಾ ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಗೆರೆ ಎಳೆದುಕೊಂಡು ಕೂತಿದ್ದಳು. "ಇದು ಅಡುಗೆಮನೆ ಭಾಯ್. ಕಿಟಕಿ ಮಸೀದಿ ಕಡೆಗೆ. ಇಲ್ಲಿ ಅಮ್ಮನ ಮಂಚ ಹಾಕೋಣ, ಗಾಳಿ ಬರುತ್ತೆ." ಅಮ್ಮ ಆ ಇಲ್ಲದ ಮಂಚದ ಜಾಗದಲ್ಲಿ ಚಾಪೆ ಹಾಕಿಕೊಂಡು ಆಗಲೇ ಕೂತಿದ್ದರು. ಶಾಜಿಯಾ ಇಲ್ಲದ ಅಡುಗೆಮನೆಯಲ್ಲಿ ನಿಂತು, "ಏ ಖುಷ್ನುಮಾ, ಒಲೆ ಈ ಕಡೆ ಇಡೆ, ನನ್ನ ಬಟ್ಟೆಗೆ ಹೊಗೆ ಬಡಿದಾತು" ಎಂದು ಜಗಳ ತೆಗೆದಿದ್ದಳು. ಮೂವರೂ ನಗುತ್ತಿದ್ದರು. ನಾನು ಅಡ್ಡಾಡುವ ದಾರಿ ಅವಳ ಹಾಲಿನ ನಡುವೆ ಹೋಗುತ್ತಿತ್ತು. ಗೆರೆ ತುಳಿಯದೆ ದಾಟುವುದು ಹೇಗೆಂದು ಗೊತ್ತಾಗದೆ ಇಳಿದುಬಂದೆ.

ಜುಲೈ 27, ಭಾನುವಾರ

ಹೇಳಿಬಿಟ್ಟೆ.

ಊಟ ಮುಗಿದ ಮೇಲೆ, ಎಲ್ಲರೂ ಇದ್ದಾಗ. "ಇಂಜಿನಿಯರ್ ಮೇಡಂ ಗ್ಯಾರಂಟಿ ಕೊಡಲ್ಲ ಅಂದ್ರು. ಮೆಟ್ಟಿಲ ಹತ್ತಿರದ ಪಿಲ್ಲರಿಗೆ ತುಕ್ಕು ಹಿಡಿದಿದೆ. ಬೀಳಬಹುದು ಅಂತಾನೂ ಇಲ್ಲ, ಬೀಳಲ್ಲ ಅಂತಾನೂ ಇಲ್ಲ." ಒಂದೊಂದು ಮಾತೂ ಆಕೆ ಆಡಿದ್ದೇ. ಬೇಕಾದರೆ ಸಭಿಕರು ಮಧುಗಿರಿಗೆ ಹೋಗಿ ಕೇಳಬಹುದು.

ಅಮ್ಮ ಗೋಡೆ ನೋಡಿದರು. ಶಾಜಿಯಾ ಸೂರು ನೋಡಿದಳು. ಖುಷ್ನುಮಾ ನನ್ನನ್ನು ನೋಡಿದಳು. ಅವಳು ಅಳುತ್ತಾಳೆ, ಇಲ್ಲವೇ ಜಗಳವಾಡುತ್ತಾಳೆ ಎಂದುಕೊಂಡಿದ್ದೆ. ಎರಡಕ್ಕೂ ಉತ್ತರ ತಯಾರಿತ್ತು.

"ಅಂದ್ರೆ ನೀವೆಲ್ಲ ಇಷ್ಟು ವರ್ಷ ಇದರ ಕೆಳಗೇ ಮಲಗಿದ್ರಾ?" ಎಂದಳು. ನಾನು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದೆ.

"ಹೋಗ್ಲಿ ಬಿಡು ಭಾಯ್. ನನ್ನ ಎರಡು ರೂಮಿಗೋಸ್ಕರ ನಿಮ್ಮ ತಲೆ ಮೇಲೆ ಭಾರ ಹಾಕಕಾಗುತ್ತಾ?"

ನಾನು ಎರಡು ಸಲ ಕೈ ತೊಳೆದುಕೊಂಡೆ.

ಆಗಸ್ಟ್ 5, ಮಂಗಳವಾರ

ಶ್ರಾವಣ ಬಂದು ಕಾರ್ಡುಗಳ ನೆರೆ. ಪ್ರಾಸ ಕೇಳಿದವರಿಗೆ ಹಳೆಯದೇ ಕೊಡುತ್ತಿದ್ದೇನೆ, ಹೊಸದು ಹೊಳೆಯುತ್ತಿಲ್ಲ.

ಶಾಜಿಯಾ ವಾಷಿಂಗ್ ಮಿಷನ್ ಹಾಕುವುದನ್ನು ನಿಲ್ಲಿಸಿದ್ದಾಳೆ, ಮನೆ ಅದುರುತ್ತದಂತೆ. ದೊಡ್ಡ ಬೀರುವನ್ನು ಖಾಲಿ ಮಾಡಿ ತವರಿಗೆ ಸಾಗಿಸಿದ್ದಾಳೆ. ಮೆಟ್ಟಿಲ ಪಿಲ್ಲರಿನ ಹತ್ತಿರ ಬಂದಾಗ ಬಿಸ್ಮಿಲ್ಲಾ ಹೇಳಿಕೊಂಡು ಸರಸರ ಹತ್ತುತ್ತಾಳೆ. ಕಾರ್ಡು ಮಾಡಿಸಲು ಬಂದವರು ಒಳಗೆ ಬರದೆ ಬೀದಿಯಲ್ಲೇ ನಿಂತು, "ಇಲ್ಲೇ ತೋರ್ಸಿ ಸಾರ್" ಎನ್ನುತ್ತಿದ್ದಾರೆ.

ಖುಷ್ನುಮಾ ಬಾಡಿಗೆ ಮನೆ ಹುಡುಕುತ್ತಿದ್ದಾಳೆ. ಮನೆ ಇದೆ ಎಂದವರು, ಗಂಡ ಏನು ಮಾಡ್ತಾರೆ ಎಂದು ಕೇಳುತ್ತಾರೆ. ಇಲ್ಲ ಎಂದರೆ ಮನೆಯೂ ಇಲ್ಲವಾಗುತ್ತದೆ. ಜೊತೆಗೆ ನಾನೂ ಹೋಗುತ್ತೇನೆ. ಅಣ್ಣ ಎಂದ ಮೇಲೆ ಹೋಗಬೇಡವೇ? ಒಬ್ಬ ಯಜಮಾನರು ನನ್ನ ಗುರುತು ಹಿಡಿದು, "ಓ ನಿರೂಪಕರು! ನಿಮ್ಮದೇ ಅಷ್ಟು ದೊಡ್ಡ ಬಿಲ್ಡಿಂಗ್ ಇದೆಯಲ್ಲ?" ಎಂದರು. ಖುಷ್ನುಮಾ ನನಗಿಂತ ಮೊದಲು ಬಾಯಿ ಹಾಕಿದಳು: "ಅದು ವೀಕಾಗೈತೆ ಸಾರ್. ಅಣ್ಣನಿಗೇ ಅಲ್ಲಿ ಇರಬೇಡ ಅಂತ ಹೇಳ್ತಿದೀನಿ."

ಆಗಸ್ಟ್ 14, ಗುರುವಾರ

ಗಂಗಹನುಮಯ್ಯ ಬಂದಿದ್ದರು. ಒಳಗೆ ಬರಲಿಲ್ಲ. ಬೀದಿಯ ಆಚೆ ದಡದಲ್ಲಿ ನಿಂತು ಮನೆಯನ್ನು ಬುಡದಿಂದ ತುದಿಯವರೆಗೆ ನೋಡಿದರು. ನಾನೇ ಹೊರಗೆ ಹೋದೆ.

"ಹೆಂಗಾಯ್ತು ಅಂತೀನಿ. ಸುತ್ಗೆ ಚೆಂದಾಗೇ ಪುಟೀತಿತ್ತಲ್ಲೋ?"

"ಒಂದು ಪಿಲ್ಲರ್ ಮೇಸ್ತ್ರಿ. ತುಕ್ಕು."

"ಒಂದ್ ಹಲ್ ಹುಳುಕಾದ್ರೆ ತಲೆ ತಗೀತಾರೇನ್ಲಾ?"

ಮೊದಲಾಗಿದ್ದರೆ ಈ ಮಾತಿಗೆ ನಗುತ್ತಿದ್ದೆ, ಡೈರಿಗೆ ಚೆಂದಾಯಿತು ಎಂದುಕೊಳ್ಳುತ್ತಿದ್ದೆ. ಅವರ ಮೊಮ್ಮಗನಿಗೆ ಒಪ್ಪಿಸಿದ್ದ ಒಂದು ಮನೆಯ ಕೆಲಸ ಕೈತಪ್ಪಿತಂತೆ. ಬಾಷಾ ಸಾಬರ ಮನೆ ಸುದ್ದಿ ಅಲ್ಲಿಗೂ ಹೋಗಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು.

ಆಗಸ್ಟ್ 24, ಭಾನುವಾರ

ಕೊರಟಗೆರೆಯಲ್ಲಿ ಖುಷ್ನುಮಾಗೆ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಸಿಕ್ಕಿತು. ಪಾವಗಡದಲ್ಲೂ ಅದೇ ಮಾಡುತ್ತಿದ್ದಳು. ಅಂಗಡಿಯ ಪಕ್ಕದ ಕದಿರಯ್ಯ ಎಂಬುವರು ಗಂಡನ ವಿಚಾರ ಕೇಳದೆ ಮನೆ ಕೊಟ್ಟಿದ್ದಾರೆ. ಒಂದು ರೂಮು, ಮೇಲೆ ಶೀಟು.

ಟೆಂಪೋದಲ್ಲಿ ಸಾಮಾನು ಏರಿಸುವಾಗ ಅಮ್ಮ ತಮ್ಮ ಬಟ್ಟೆಗಂಟು, ಕುರಾನು, ಎಲೆಅಡಿಕೆ ಡಬ್ಬಿ ತಂದು ಮುಂದಿನ ಸೀಟಿನಲ್ಲಿಟ್ಟು ತಾವೂ ಕೂತುಬಿಟ್ಟರು.

"ನೀವೆಲ್ಲಿಗೆ ಅಮ್ಮಾ?"

"ಮನೆ ಬೀಳುತ್ತೆ ಅಂದವನು ನೀನೇ ಅಲ್ಲವಾ? ನಾನು ಸಾಯೋದಕ್ಕೆ ಹೆದರಲ್ಲ. ಅವಳು ಒಪ್ಪುತ್ತಿಲ್ಲ."

ಖುಷ್ನುಮಾ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದಳು. "ಶಾಜಿಯಾಭಾಬಿನ ತವರಿಗೆ ಕಳ್ಸು. ನೀನೂ ಪ್ರೆಸ್ಸು ಬೇರೆ ಕಡೆ ಮಾಡು ಭಾಯ್. ಮಷೀನು ಹೋದ್ರೆ ಮಷೀನು ಬರುತ್ತೆ." ಟೆಂಪೋ ಹೊರಟಿತು. ತಾರಸಿಗೆ ಹೋದೆ. ಎಷ್ಟು ಬೇಕಾದರೂ ಅಡ್ಡಾಡಬಹುದಿತ್ತು. ಒಂದು ಸುತ್ತು ಹಾಕಿ ಇಳಿದೆ.

ಸೆಪ್ಟೆಂಬರ್ 14, ಭಾನುವಾರ

ಕೊರಟಗೆರೆಗೆ ಹೋಗಿದ್ದೆ. ಶೀಟಿನ ಕೆಳಗೆ ಮಧ್ಯಾಹ್ನದ ಕಾವು ಬಾಣಲೆಯ ಹಾಗೆ. ಅಮ್ಮ ಹೊಸ್ತಿಲಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಹೇಗಿದ್ದೀರಿ ಎಂದರೆ, "ಚೆನ್ನಾಗಿದೆ, ಇಲ್ಲಿ ಬಿದ್ದರೆ ತಗಡು ತಾನೇ" ಎಂದರು.

ಖುಷ್ನುಮಾ ನನಗೊಂದು ಅಂಗಡಿ ನೋಡಿಟ್ಟಿದ್ದಾಳೆ! ಕೊರಟಗೆರೆಯ ಬಸ್ ಸ್ಟ್ಯಾಂಡ್ ಹತ್ತಿರ, ಪ್ರೆಸ್ಸಿಗೆ ಸಾಕಾಗುವಷ್ಟು. ಮಾಲೀಕರ ಹತ್ತಿರ ಮಾತಾಡಿಯೂ ಆಗಿದೆ. ಕೆಲಸ ಮುಗಿಸಿ ದಿನಾ ಸಂಜೆ ಅದಕ್ಕಾಗಿ ಓಡಾಡಿದ್ದಾಳೆ ಎಂದು ಅಮ್ಮ ಹೇಳಿದರು.

"ಹೆಸರೂ ಯೋಚನೆ ಮಾಡಿದೀನಿ. ಹಫೀಜ್ ಮುದ್ರಣ, ಅಕ್ಷರಕ್ಕೆ ಆಭರಣ. ಹೆಂಗೈತೆ?"

ಚೆನ್ನಾಗಿತ್ತು. ಪ್ರಾಸವೂ ಕೂತಿತ್ತು. ಸೆಕೆ ಎಂದು ಮುಖ ಒರೆಸಿಕೊಂಡೆ. ಯೋಚನೆ ಮಾಡ್ತೀನಿ ಎಂದೆ.

"ಯೋಚನೆ ಮಾಡೋಕೆ ಏನೈತೆ? ಬಿರುಕಿನ ಮೇಲೆ ಅಂಟಿಸಿದ್ದು ಹರೀತಾ?"

"ಇಲ್ಲ."

"ಹರಿಯೋಗಂಟ ಕಾಯ್ತೀಯಾ?"

ಸೆಪ್ಟೆಂಬರ್ 26, ಶುಕ್ರವಾರ

ಶ್ರೀಲತಾ ಫೋನ್ ಮಾಡಿದ್ದರು. ಮೆಟ್ಟಿಲ ಪಿಲ್ಲರಿನ ಕೆಲಸ ಶುರುವಾಯಿತೇ ಎಂದು ಕೇಳಿದರು. ಶಾಜಿಯಾ ಪಕ್ಕದಲ್ಲಿದ್ದಳು. ರಾಂಗ್ ನಂಬರ್ ಎಂದೆ.

ಅಕ್ಟೋಬರ್ 9, ಗುರುವಾರ

ಮಧ್ಯಾಹ್ನದಿಂದ ಮಳೆ. ಶಿರಾ ನೆಲಕ್ಕೆ ವರ್ಷವಿಡೀ ಬರಬೇಕಾದ್ದು ಒಂದೇ ದಿನ ಬಂದ ಹಾಗೆ. ಸಂಜೆ ನಾಲ್ಕಕ್ಕೇ ದೀಪ ಹಾಕಿ ಕೂತಿದ್ದೆ. ಶಾಜಿಯಾ ತವರಿನಲ್ಲಿದ್ದಾಳೆ. ಮಿಷನ್ನಿನವನು ಬಂದಿರಲಿಲ್ಲ. ಫೋನ್ ಬಂತು, ಖುಷ್ನುಮಾದು.

"ಭಾಯ್, ಎಲ್ಲಿದೀಯ?"

"ಪ್ರೆಸ್ಸಲ್ಲಿ."

"ಆಚೆ ಬಾ."

ಅವಳ ಕಡೆ ಶೀಟಿನ ಮೇಲೆ ಮಳೆ ಬೀಳುವ ಸದ್ದು ಎಷ್ಟಿತ್ತೆಂದರೆ ಅವಳು ಕಿರುಚಿ ಮಾತಾಡುತ್ತಿದ್ದಳು. ಹಿಂದೆ ಅಮ್ಮ ಏನೋ ಓದಿಕೊಳ್ಳುತ್ತಿದ್ದರು. ಪಾತ್ರೆಗೆ ನೀರು ಬೀಳುವ ಟಣಟಣ.

"ಅಲ್ಲಿ ಸೋರ್ತಿದೆಯಾ?"

"ಅದ್ ಬಿಡು, ಪಾತ್ರೆ ಇಟ್ಟಿದೀವಿ. ಅಮ್ಮನ ಮಂಚದ ಮೇಲೆ ಪ್ಲಾಸ್ಟಿಕ್ ಕಟ್ಟಿದೀನಿ. ನೀನು ಮೊದ್ಲು ಆಚೆ ಬಾ ಅಂದ್ನಲ್ಲ. ತುಕ್ಕು ಹಿಡಿದಿರೋ ಪಿಲ್ಲರಿನ ಬುಡಕ್ಕೆ ನೀರು ನಿಲ್ಲುತ್ತೆ."

"ಬಂದೆ, ಬಂದೆ."

"ಸುಳ್ಳು. ಮಳೆ ಸದ್ದೇ ಕೇಳಿಸ್ತಿಲ್ಲ ನಿನ್ನ ಕಡೆ."

ಕೇಳಿಸುತ್ತಿರಲಿಲ್ಲ. ನಮ್ಮ ಮನೆಯ ಒಳಗೆ ಮಳೆಯ ಸದ್ದು ಬರುವುದಿಲ್ಲ. ಷಟರ್ ಎತ್ತಿ ಬೀದಿಗಿಳಿದೆ. "ಈಗ ಕೇಳಿಸ್ತು. ಅಲ್ಲೇ ಇರು, ಮಳೆ ನಿಲ್ಲೋವರೆಗೂ ಒಳಗೆ ಹೋಗಬೇಡ" ಎಂದಳು. ಅಲ್ಲೇ ಇದ್ದೆ. ಎದುರು ಅಂಗಡಿಯ ಮಂಜಮ್ಮ, "ಯಾಕ್ ಸಾ, ಇಂಗ್ ನೆಂದ್ಕಂಡ್ ನಿಂತಿದ್ದೀರಾ? ಬಿದ್ದೋಯ್ತದೆ ಅಂತಾವಾ? ಬನ್ನಿ ಈಚೆಗೆ" ಎಂದು ಕೂಗಿದರು. ಫೋನ್ ಕಿವಿಯಲ್ಲೇ ಇತ್ತು. ಆ ಕಡೆಯಿಂದ ಪಾತ್ರೆ ಖಾಲಿ ಮಾಡಿ ಮತ್ತೆ ಇಡುವ ಸದ್ದು.

ಒದ್ದೆ ಬಟ್ಟೆಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ಮಾನ್ಯ ಸಭಿಕರೇ,

ಸಾಕು. ಸಭಿಕರಿಲ್ಲ, ಸಭೆಯಿಲ್ಲ. ಜುಲೈ ಇಪ್ಪತ್ತೆರಡರಂದು ಮಧುಗಿರಿಯಲ್ಲಿ ಶ್ರೀಲತಾ ಹೇಳಿದ್ದು ಇಷ್ಟು: ಎಂಟು ಪಿಲ್ಲರು ತುಂಬಾ ಚೆನ್ನಾಗಿವೆ, ಈ ಕಡೆ ಇಷ್ಟು ಗಟ್ಟಿ ಕಾಂಕ್ರೀಟು ಅಪರೂಪ, ಗುಲಾಬಿ ಬಂದದ್ದು ಅದಕ್ಕೇ. ಒಂಬತ್ತನೆಯದರ ಸುತ್ತ ಹೊಸ ಕಂಬಿ ಕಟ್ಟಿ ಕಾಂಕ್ರೀಟು ತುಂಬಿದರೆ ಮುಗಿಯಿತು, ವಾರದ ಕೆಲಸ. ಹಗುರ ಇಟ್ಟಿಗೆಯಲ್ಲಿ ಮೇಲೆ ಎರಡು ರೂಮು ಧಾರಾಳವಾಗಿ ಕಟ್ಟಬಹುದು. ನಿಮ್ಮ ತಂಗಿಗೆ ಹೇಳಿ, ಖುಷಿಪಡ್ತಾರೆ, ಎಂದರು.

ನನಗೆ ಅವಳು ಬರುವುದು ಬೇಡವಾಗಿತ್ತು. ಹಾಗೆಂದು ಅಮ್ಮನ ಎದುರು ಹೇಳುವ ಧೈರ್ಯ ಇರಲಿಲ್ಲ, ಪಿಲ್ಲರಿನ ಬಾಯಿಂದ ಹೇಳಿಸಿದೆ.